ಮುಟ್ಟದೆ ಕಲಿಸಿದ ರೋಬೋಟ್

ಕುಂದಾಪುರದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಮೇಷ್ಟ್ರಾಗಿದ್ದ ಕಾಲಕ್ಕೆ ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದವು. ಆಗ ನಮ್ಮ ಲ್ಯಾಬಿಗೆ ಒಂದು ರೋಬೋಟ್ ಬಂತು. ರೋಬೋಟ್ ಎಂದರೆ ನಡೆದಾಡುವ ಬೊಂಬೆಯಲ್ಲ. ಮೇಜಿನ ಮೇಲೆ ಕೂರಿಸಿದ ಒಂದು ಲೋಹದ ತೋಳು. ಭುಜ, ಮೊಣಕೈ, ಮಣಿಕಟ್ಟು, ತುದಿಯಲ್ಲಿ ಹಿಡಿಯಲು ಎರಡು ಬೆರಳು. ಕಂಪನಿಯವರು ಬಂದು ಅದಕ್ಕೆ ಒಂದೇ ಕೆಲಸ ಕಲಿಸಿ ಹೋದರು: ಎಡಗಡೆಯ ಮರದ ತುಂಡನ್ನು ಎತ್ತಿ ಬಲಗಡೆ ಇಡುವುದು. ಒಂದೊಂದು ಕೀಲನ್ನೂ ಬೇರೆ ಬೇರೆ ಆಡಿಸಲು ಗುಂಡಿಗಳ ಒಂದು ಪೆಟ್ಟಿಗೆಯಿತ್ತು; ಕಲಿಸಿದ ಕೆಲಸಕ್ಕೆ ಅದರ ಹಸಿರು ಗುಂಡಿ ಒತ್ತಿದರೆ ಸಾಕು.

ನಮ್ಮ ಕಡೆ ದುಬಾರಿ ವಸ್ತು ಬಂದರೆ ಮೊದಲು ಪೂಜೆ, ಆಮೇಲೆ ಮುಸುಕು. ಟಿವಿಗೂ ಹಾಗೆ, ಫ್ರಿಜ್ಜಿಗೂ ಹಾಗೆ. ರೋಬೋಟಿಗೂ ಕುಂಕುಮ ಹಚ್ಚಿ, ಕಾಯಿ ಒಡೆದು, ಮೇಲೊಂದು ಬೆಡ್‌ಶೀಟ್ ಹೊದೆಸಿದೆವು. ಪ್ರಾಕ್ಟಿಕಲ್ ದಿನ ಬೆಡ್‌ಶೀಟ್ ತೆಗೆದು ಗುಂಡಿ ಒತ್ತುವವನು ನಾನು. ಅದು ಏನು ಮಾಡುತ್ತಿದೆ ಎಂದು ಸುತ್ತ ನಿಂತು ವಿವರಿಸುವವರು ವಿದ್ಯಾರ್ಥಿಗಳು. ಇದಕ್ಕೆ ಅವರು 'ತಾಳಮದ್ದಳೆ' ಎಂದು ಹೆಸರಿಟ್ಟಿದ್ದರು, ಬರೀ ಮಾತು, ಯಕ್ಷಗಾನದ ಕುಣಿತವಿಲ್ಲ ಎಂದು. ನನ್ನ ಕಿವಿಗೂ ಬಿತ್ತು. ಈಗಿನ ಮಕ್ಕಳಿಗೆ ವಿನಯವೇ ಇಲ್ಲ ಎಂದು ಸಿಟ್ಟುಮಾಡಿಕೊಂಡೆ.

ತ್ರಾಸಿಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಮೀನು ವ್ಯಾಪಾರದ ಮನೆಯವಳು, ಪ್ರತಿ ಸಲ ಕೇಳುತ್ತಿದ್ದಳು.

"ಸರ್, ಒಂದ್ಸಲ ನಾನ್ ಒತ್ತುದಾ?"

"ಕಾಂಬುದ್ ಸಾಕ್. ಹಾಳಾರೆ ಎಂತ ಮಾಡುದ್?" ನೋಡಿ ಕಲಿತರೆ ಸಾಕೆಂಬುದು ನನ್ನ ಲೆಕ್ಕ.

ಕೊನೆಯ ವರ್ಷದ ಪರೀಕ್ಷೆಗೆ ಘಟ್ಟದ ಮೇಲಿನಿಂದ ಪರೀಕ್ಷಕರು ಬಂದರು. ಮೊದಲ ಸರದಿ ಅವಳದೇ. ನಾನು ರೂಢಿಯಂತೆ ಗುಂಡಿಯ ಕಡೆ ಕೈ ಚಾಚಿದೆ. ಪರೀಕ್ಷಕರು ತಡೆದು, ಮರದ ತುಂಡನ್ನು ಒಂದು ಗೇಣು ಆಚೆ ಸರಿಸಿ, "ನೀವು ಕೂತ್ಕೊಳ್ಳಿ ಸರ್. ಅವರೇ ಎತ್ತಿಡಲಿ" ಎಂದರು.

ಗುಂಡಿಗಳ ಪೆಟ್ಟಿಗೆಯನ್ನು ಅವಳು ಕೈಯಲ್ಲಿ ಹಿಡಿದದ್ದೇ ಆವತ್ತು. ತೋಳು ಇಳಿದು ತುಂಡಿಗೆ ಬಡಿಯಿತು, ತುಂಡು ನೆಲಕ್ಕೆ ಉರುಳಿತು. "ಇಷ್ಟು ದಿನ ಏನು ಕಲಿತಿರಿ?" ಎಂದು ಪರೀಕ್ಷಕರು ಕೇಳಿದರು. ಇದರಲ್ಲಿ ಫೇಲಾದರೆ ಅವಳಿಗೆ ಆ ವರ್ಷ ಡಿಗ್ರಿ ಇಲ್ಲ. ಅವಳು ನನ್ನ ಕಡೆ ನೋಡಲೂ ಇಲ್ಲ. "ತಪ್ಪಾಯ್ತು ಸರ್" ಎಂದಳು.

ನನಗೆ ನಾಚಿಕೆಯಾಯಿತು. ಎದ್ದು ನಿಂತು, "ಅವಳ ತಪ್ಪಲ್ಲ. ಯಾರಿಗೂ ಇದನ್ನು ಮುಟ್ಟಲು ಕೊಟ್ಟಿಲ್ಲ" ಎಂದೆ.

"ಹಾಗಾದರೆ ನೀವೇ ಒಮ್ಮೆ ಮಾಡಿ ತೋರಿಸಿ. ನೋಡಿಕೊಂಡು ಮಾಡಲಿ" ಎಂದರು ಅವರು, ತುಂಡನ್ನು ಹೆಕ್ಕಿ ತಾವು ಸರಿಸಿದ್ದ ಜಾಗದಲ್ಲೇ ಇಟ್ಟು. ಅದರಲ್ಲಿ ಕುಹಕ ಇರಲಿಲ್ಲ, ಗ್ರಹಚಾರ ನನ್ನದು. ಹಸಿರು ಗುಂಡಿ ಬಿಟ್ಟು ಬೇರೆ ಯಾವುದನ್ನೂ ನಾನು ಒತ್ತಿದವನೇ ಅಲ್ಲ. ಅದನ್ನೇ ಒತ್ತಿದೆ. ತೋಳು ಗಂಭೀರವಾಗಿ ಹಳೆಯ ಜಾಗಕ್ಕೆ ಬಗ್ಗಿ, ಗಾಳಿಯನ್ನು ಹಿಡಿದು, ಜೋಪಾನವಾಗಿ ಬಲಗಡೆ ಇಟ್ಟಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಪರೀಕ್ಷಕರು ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದು ಅವಳಿಗೇ ಕೊಟ್ಟರು. "ನಿಧಾನಕ್ಕೆ ಮಾಡಿ. ಬಿದ್ದರೂ ಪರವಾಗಿಲ್ಲ" ಎಂದರು. ಅವಳು ಮತ್ತೂ ಬೀಳಿಸಿದಳು, ಹೆಕ್ಕಿ ಇಟ್ಟು ಮತ್ತೆ ಬೀಳಿಸಿದಳು. ಆಮೇಲೆ ತೋಳಿನ ಮೊಣಕೈ ಎತ್ತಿ, ಮಣಿಕಟ್ಟು ಬಗ್ಗಿಸಿ, ಮೆಲ್ಲಗೆ ತುಂಡನ್ನು ಹಿಡಿದು ಬಲಗಡೆ ಇಟ್ಟಳು. ಪಾಸಾದಳು.

ಸಂಜೆ ಬಸ್‌ ಸ್ಟಾಪಿನಲ್ಲಿ ಎದುರಿಗೇ ಸಿಕ್ಕಿದಳು. ತಲೆ ತಪ್ಪಿಸಿಕೊಳ್ಳೋಣವೆಂದರೆ ಮರೆಯೂ ಇರಲಿಲ್ಲ. ಬೈಂದೂರಿನ ಬಸ್ಸು ದೂರದಲ್ಲಿ ಕಾಣುತ್ತಿತ್ತು. ಅವಳು ಹತ್ತಿರ ಬಂದು, ಅಣಕವಿಲ್ಲದೆ, ನಿಜವಾದ ಕನಿಕರದಿಂದ ಕೇಳಿದಳು.

"ಸರ್, ನಿಮ್ಗೂ ಅದನ್ನ್ ಮುಟ್ಟುಕೆ ಬಿಡ್ತಿರ್ಲಿಲ್ಯಾ?"

ನನ್ನನ್ನು ತಡೆದವರು ಯಾರೂ ಇರಲಿಲ್ಲ. ಹೌದು ಎಂದುಬಿಡುವ ಆಸೆಯಾಯಿತು.

"ಹಂಗಲ್ಲ ಮಗಾ," ಎಂದೆ, "ನಂಗೇ ಹೆದ್ರಿಕೆ ಆತಿತ್ತ್."

ಬಸ್ಸು ಬಂದು ನಿಂತಿತು. ಅವಳು ಮೆಟ್ಟಿಲಿಗೆ ಕಾಲಿಟ್ಟು ತಿರುಗಿದಳು.

"ಹೆದ್ರಿಕೆ ನಂಗೂ ಇದ್ದಿತ್ ಸರ್."