ಶಮೀಮಬಾಯಿಯವರ ಪೊಳ್ಳು ಗೋಡೆ

ಶಮೀಮಬಾಯಿಯವರು ಹೊಸ ಸರಕಾರಿ ಕಚೇರಿಯ ಜಾಗಕ್ಕೆ ಬಂದ ಮೊದಲ ದಿನ ಅಳತೆಯ ಟೇಪು ಮುಟ್ಟಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಬೇವಿನ ಗಿಡದ ಕೆಳಗೆ ಹಾಕಿಸಿಕೊಂಡು ಕೂತರು. ನೆರಳು ಸರಿದಂತೆ ಕುರ್ಚಿಯನ್ನೂ ಸರಿಸುತ್ತ ಸಂಜೆಯ ಹೊತ್ತಿಗೆ ಗಿಡಕ್ಕೆ ಅರ್ಧ ಸುತ್ತು ಹಾಕಿದ್ದರು. ಮುದ್ದೇಬಿಹಾಳದ ಜನ ಮೋಟಾರ್ ಸೈಕಲ್ ನಿಲ್ಲಿಸಿ ನೋಡಿ ಹೋದರು. ಇಂಥ ಇಂಜಿನಿಯರು ಬಂದರೆ ಕಟ್ಟಡ ಎದ್ದಂತೆಯೇ ಎಂದು ನಾನೂ ನಕ್ಕೆ.

ನಾನು ಆ ಕಟ್ಟಡದ ಗುತ್ತಿಗೆದಾರ. ಓದಿದ್ದು ಹೈಸ್ಕೂಲಿನವರೆಗೆ, ಮುಂದಿನದೆಲ್ಲ ಕಲ್ಲುಗಾರೆಯಲ್ಲೇ ಕಲಿತದ್ದು.

"ಬಾಯಾರ, ಗಿಡ ಕಡಸೂಣೇನ್ರಿ? ಅಡ್ಡ ಬರತೈತಿ" ಎಂದು ಕೇಳಿದೆ.

"ಕಡಸ್ರಿ ಗುರಪ್ಪಕಾಕಾ. ಆದರ ಆ ಜಾಗಾದಾಗ ನಿಮ್ಮನ್ನ ನಿಲ್ಲಸ್ತೇನಿ. ದಿನಾ ನೆರಳು ಕೊಡಬೇಕು ನೋಡ್ರಿ ಮತ್ತ."

ಗಿಡ ಉಳಿಯಿತು, ನಕ್ಷೆಯೇ ಅದರ ಸುತ್ತ ಬಾಗಿತು. ನಡುವೆ ಅಂಗಳ, ಅಂಗಳದ ಕೆಳಗೆ ಮಳೆನೀರಿನ ತೊಟ್ಟಿ, ಬಡಗಣ ಕಡೆ ದೊಡ್ಡ ಕಿಟಕಿ, ಮೇಲೆ ಬಿಸಿಗಾಳಿ ಹೊರಗೆ ಹೋಗಲು ಬೆಳಕಿಂಡಿ. ಹಗಲು ದೀಪ ಬೇಡ, ಸಾಹೇಬರ ಕೋಣೆಗೂ ತಂಪಿನ ಯಂತ್ರ ಬೇಡ ಎಂಬುದು ಅವರ ಹಟ. ತಾಳಿಕೋಟೆಯ ಮನೆಯಿಂದ ಬಸ್ಸಿಗೆ ಬಂದು ಇಳಿಯುವಾಗಲೇ ಮಾತು ಶುರುವಾಗುತ್ತಿತ್ತು. "ಸಾಹೇಬರಿಗೆ ಫ್ಯಾನ್ ಐತಿ, ಗಾದಿ ಕುರ್ಚಿ ಐತಿ. ಅರ್ಜಿ ಹಿಡಕೊಂಡು ಪಾಳಿ ಹಚ್ಚಿದಾಕಿಗೆ ಏನೈತಿ ಕಾಕಾ? ಸರಕಾರ ಅಂದ್ರ ಆಕಿ ಪಾಲಿಗೆ ಆ ಬಾಕ, ಅಷ್ಟ."

ಜನ ಕೂತು ಕಾಯುವ ಆ ಬಾಕುಗಳ, ಅಂದರೆ ಬೆಂಚುಗಳ, ಪಡಸಾಲೆ ಪಡುವಣ ದಿಕ್ಕಿಗೆ ಬಂದಿತ್ತು. ಮಧ್ಯಾಹ್ನದ ಬಿಸಿಲೆಲ್ಲ ಆ ಗೋಡೆಗೇ. ಅದಕ್ಕಾಗಿ ಬಾಯಿಯವರು ಜೋಡಿ ಗೋಡೆ ಬರೆದಿದ್ದರು: ಹೊರಗೆ ಕಲ್ಲು, ಒಳಗೆ ಇಟ್ಟಿಗೆ, ನಡುವೆ ನಾಲ್ಕು ಬೆರಳು ಖಾಲಿ. ತಮ್ಮ ಚಹಾದ ಥರ್ಮಾಸ್ ಎತ್ತಿ ತೋರಿಸಿ, "ಇದರಾಗೂ ಹಂಗ ಐತಿ. ಬಿಸಿ ದಾಟಾಕ ಹಾದಿ ಇಲ್ಲ" ಎಂದರು. ನಾನು ಹೂಂಗುಟ್ಟಿದೆ.

ನಮ್ಮ ಸೀಮೆಯ ಕಲ್ಲುಗೋಡೆಗೂ ಎರಡು ಮೈ ಉಂಟು. ಆದರೆ ನಡುವೆ ಮಣ್ಣು, ಕಲ್ಲುಚೂರು ಬಡಿದು ಬಡಿದು ತುಂಬುತ್ತೇವೆ. ಗೌಂಡಿ ಕಟ್ಟಿದ ಗೋಡೆಯನ್ನು ನನ್ನ ಅಪ್ಪ ಕಬ್ಬಿಣದ ಸಲಾಕೆಯಿಂದ ತಟ್ಟಿ ಕಿವಿಗೊಡುತ್ತಿದ್ದ. ಪೊಳ್ಳು ಸದ್ದು ಬಂದರೆ ಆ ಗೌಂಡಿಗೆ ಮರುದಿನ ಕೆಲಸವಿಲ್ಲ. ಅವನ ಮಗ ನಾನು ಪೊಳ್ಳು ಗೋಡೆ ಕಟ್ಟುವುದೆಂದರೆ! ಚಹಾದಂಗಡಿಯಲ್ಲಿ ಸುದ್ದಿ ಹಬ್ಬಿತು.

"ಏನೋ ಗುರಪ್ಪ, ಗ್ವಾಡಿಯೊಳಗ ಇಲಿಗೆ ಓಣಿ ಮಾಡಿಕೊಡಾಕತ್ತೀಯಂತ?"

"ಓಣಿಗೆ ನಿನ್ನ ಹೆಸರ ಇಡ್ತಾರೇನೋ ಮತ್ತ!"

ಆ ನಗು ನನ್ನ ಎದೆಯಲ್ಲಿ ನಾಟಿತು. ಬಾಯಿಯವರು ಇಂಡಿ ಊರಿನ ಕೆಲಸಕ್ಕೆಂದು ಹೋದ ವಾರ ಗೌಂಡಿಗಳಿಗೆ ಹೇಳಿ, ಗೋಡೆ ಏಳುತ್ತಿದ್ದಂತೆ ನಡುವಿನ ಖಾಲಿಗೆಲ್ಲ ಕಲ್ಲುಚೂರು, ಸಿಮೆಂಟು ತುಂಬಿಸಿಬಿಟ್ಟೆ. ಅವರು ತಿರುಗಿ ಬರುವಷ್ಟರಲ್ಲಿ ಗೋಡೆಯ ಮೇಲ್ತುದಿ ಮುಚ್ಚಿತ್ತು. ಸಲಾಕೆ ತಟ್ಟಿ ನೋಡಿದೆ, ಗಟ್ಟಿ ಸದ್ದು. ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ ಅಂದುಕೊಂಡೆ. ದೇವರಾಣೆ, ಅಂದು ತಪ್ಪು ಮಾಡಿದೆ ಅನ್ನಿಸಿರಲಿಲ್ಲ.

ಕಚೇರಿ ಶುರುವಾದ ಮೊದಲ ಬೇಸಿಗೆಗೆ ಮೇಲಿನ ಸಾಹೇಬರು ನೋಡಲು ಬಂದರು. ಅಂಗಳ ಹೊಗಳಿದರು, ತೊಟ್ಟಿ ಹೊಗಳಿದರು. ಪಡುವಣ ಪಡಸಾಲೆಗೆ ಕಾಲಿಟ್ಟವರೇ ಕರವಸ್ತ್ರ ತೆಗೆದರು. ಗೋಡೆ ಕಾದ ಹಂಚಾಗಿತ್ತು. ಜನ ಬಾಕು ಬಿಟ್ಟು ನೆಲದ ನಡುವೆ ಕೂತಿದ್ದರು.

"ಏನ್ರೀ ಮೇಡಂ, ನಿಮ್ಮ ಖಾಲಿ ಗೋಡೆಯ ಲೆಕ್ಕ ಇದೇನಾ? ಸಿಂದಗಿ ಕಚೇರಿಗೆ ಬರೆದಿರೋ ಇಂಥದೇ ನಕ್ಷೆ ವಾಪಸ್ ತಗೊಳ್ಳಿ. ಎಲ್ಲ ಕಡೆ ಕಟ್ಟೋ ಹಾಗೆ ಅಲ್ಲೂ ಕಟ್ಟೋಣ."

ಬಾಯಿಯವರು ನನ್ನ ಕಡೆ ತಿರುಗಿದರು. "ಕಾಕಾ, ನಾ ಬರದಂಗ ಕಟ್ಟೀರಿಲ್ಲೋ?"

"ಹೌದ್ರಿ" ಎಂದೆ.

ಅವರು ಇನ್ನೊಂದು ಸಲ ಕೇಳಲಿಲ್ಲ. "ಕಟ್ಟಿದವರ ತಪ್ಪಲ್ಲ ಸರ್, ನನ್ನ ಲೆಕ್ಕ ಎಲ್ಲೋ ತಪ್ಪೇತಿ" ಎಂದು ಸಾಹೇಬರ ಮುಂದೆ ತಲೆ ತಗ್ಗಿಸಿದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ಹಲವು ಮಧ್ಯಾಹ್ನ ಅವರು ರಜೆ ಹಾಕಿ ಬಂದು ಆ ಪಡಸಾಲೆಯಲ್ಲಿ ಉಷ್ಣ ಅಳೆಯುತ್ತ ಕೂತರು. ಬಾಯಿ ತುಂಬ ಮಾತಾಡುವ ಹೆಣ್ಣುಮಗಳು ಮಾತು ಬಿಟ್ಟರು. ಒಂದು ದಿನ ಬಿರುಕು ಮುಚ್ಚಿಸಲೆಂದು ನಾನು ಹೋದಾಗ, ಗೋಡೆ ನೋಡುತ್ತಲೇ ಕೇಳಿದರು: "ಕಾಕಾ, ಇಷ್ಟ ವರ್ಷ ಕಲತದ್ದೆಲ್ಲ ಸುಳ್ಳೇನ್ರಿ? ಸಿಂದಗೀದೂ ಹಿಂಗ ಆದರ ಮಂದಿ ಶಾಪ ತಟ್ಟತೈತಿ. ಇನ್ನ ನಕ್ಷೆ ಬರಿಯೂದ ಬಿಡಬೇಕಂತ ಮಾಡೇನಿ."

ಮೂಲೆಯಲ್ಲಿದ್ದ ಹಾರೆ ತಂದು ಒಳಗಿನ ಇಟ್ಟಿಗೆಗೆ ಹೊಡೆದೆ. ನಾಲ್ಕಾರು ಇಟ್ಟಿಗೆ ಬಿದ್ದವು. ಹಿಂದೆ ಖಾಲಿ ಇರಬೇಕಾದಲ್ಲಿ ಕಲ್ಲುಚೂರು ಗಟ್ಟಿಯಾಗಿ ಕೂತಿತ್ತು.

ಬಾಯಿಯವರು ಬಗ್ಗಿ ನೋಡಿದರು. ಕೈ ಹಾಕಿ ಒಂದು ಚೂರು ಕಿತ್ತು ತೆಗೆದರು. ಬಯ್ದಿದ್ದರೆ ಹಗುರವಾಗುತ್ತಿತ್ತು.

"ನಾ ನಿಮಗ ಕಾಕಾ ಅಂತಿದ್ದೆ" ಎಂದರು.

ಮರುದಿನ ಸಾಹೇಬರ ಮುಂದೆ ನನ್ನನ್ನು ನಿಲ್ಲಿಸಿ, ಅಪ್ಪನ ಸಲಾಕೆಯಿಂದ ಹಿಡಿದು ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿಸಿದರು. ಗೋಡೆ ಬಿಚ್ಚಿ ನಾನೇ ಮತ್ತೆ ಕಟ್ಟಿಕೊಟ್ಟೆ, ಈ ಸಲ ಅವರು ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. ಮುಂದಿನ ಬೇಸಿಗೆಯಲ್ಲಿ ಗೊಳಸಂಗಿಯಿಂದ ಬಂದ ಮುದುಕಿಯೊಬ್ಬಳು ಅದೇ ಗೋಡೆಗೆ ಬೆನ್ನು ಕೊಟ್ಟು ನಿದ್ದೆ ಹೋಗಿದ್ದಳು. ಕಚೇರಿಯ ಸಿಪಾಯಿ ಎಬ್ಬಿಸಿದರೆ, "ಪಾಳಿ ತಪ್ಪಿದರ ತಪ್ಪಲೇಳೋ ತಮ್ಮಾ, ಮನಿಯಾಗೂ ಇಂಥಾ ನಿದ್ದಿ ಬರಾಂಗಿಲ್ಲ" ಎಂದಳಂತೆ. ಅದನ್ನು ಹೇಳಿ ಬಾಯಿಯವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸಿಂದಗಿಯ ನಕ್ಷೆಗೆ ಒಪ್ಪಿಗೆ ಬಂತು.

ನನ್ನನ್ನು ಕೆಲಸದಿಂದ ದೂರ ಇಡುತ್ತಾರೆ ಎಂದುಕೊಂಡಿದ್ದೆ. ಅವರು ಬೇರೆಯದೇ ಶಿಕ್ಷೆ ಕೊಟ್ಟರು. "ಸಿಂದಗಿ ಗೌಂಡಿಗಳೂ ನಡುವಿನ ಖಾಲಿ ತುಂಬಾವ್ರ. ಅವರಿಗೂ ಅಪ್ಪಂದಿರು ಇದ್ದಾರಲ್ಲ! ನಾ ಹೇಳಿದರ ಕೇಳಾಂಗಿಲ್ಲ. ನೀವು ಹೋಗ್ರಿ. ಮೊದಲ ನೀವು ಮಾಡಿದ್ದನ್ನ ಹೇಳ್ರಿ, ಆಮ್ಯಾಲ ಕೆಲಸ ಹೇಳ್ರಿ."

"ಮಂದಿ ನಗತಾರ್ರಿ ಬಾಯಾರ."

"ನಗಲಿ. ನಕ್ಕಾವ್ರು ಮರಿಯಾಂಗಿಲ್ಲ."

ಸಿಂದಗಿಗೆ ಹೋಗಿ ಹೇಳಿದೆ, ಗೌಂಡಿಗಳು ನಕ್ಕರು, ಗೋಡೆಯ ನಡುವನ್ನು ಖಾಲಿ ಬಿಟ್ಟರು. ಕಳೆದ ವರ್ಷ ಬಾಯಿಯವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಬಸ್ ನಿಲ್ದಾಣಕ್ಕೆ ಕಳಿಸಲು ಹೋಗಿದ್ದೆ. ಕ್ಷಮಿಸಿ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋದರೆ, ಅವರು ಕಿಟಕಿಯಿಂದ ಬಸವನ ಬಾಗೇವಾಡಿಯ ಹೊಸ ಕಟ್ಟಡದ ಮಾತೇ ಆಡಿದರು. "ಅಲ್ಲೀದೂ ಪಡುವಣ ಗ್ವಾಡಿ ಐತಿ ಕಾಕಾ. ಮಳಿಗಾಲದಾಗ ಏಳತೈತಿ. ನಾ ಇರಾಂಗಿಲ್ಲ." ಬಸ್ಸು ಹೊರಟಿತು, ನನ್ನ ಮಾತು ಹಾಗೇ ಉಳಿಯಿತು.

ಈಗ ನಾನು ಗುತ್ತಿಗೆ ಹಿಡಿಯುವುದಿಲ್ಲ, ಮೊಣಕಾಲು ಕೇಳುವುದಿಲ್ಲ. ಆದರೂ ವಾರಕ್ಕೊಮ್ಮೆ ಬಾಗೇವಾಡಿಯ ಬಸ್ಸು ಹತ್ತುತ್ತೇನೆ. ಹುಡುಗ ವಯಸ್ಸಿನ ಗೌಂಡಿಗಳು ಕರಣಿ ಕೆಳಗಿಟ್ಟು ಸುತ್ತ ಕೂತುಕೊಳ್ಳುತ್ತಾರೆ. ಸಾಹೇಬರ ಮುಂದೆ ನಾನು "ಹೌದ್ರಿ" ಎಂದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಕ್ಕು ಮುಗಿದ ಮೇಲೆ ಎದ್ದು ಹೋಗಿ, ನಡುವೆ ನಾಲ್ಕು ಬೆರಳು ಅಳೆದು ಬಿಟ್ಟು ಮುಂದಿನ ಸಾಲು ಕಟ್ಟುತ್ತಾರೆ.