ಎದೆಯ ಮೇಲಿನ ಮೆಹಂದಿ ಗೆರೆ

ರಂಜನಾಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೆಂಗಳೂರು ದಂಡು ಪ್ರದೇಶದ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು, ಎಲ್ಲಿ ಬೀಳಲೇಬಾರದು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಅವಳು ಡಾಕ್ಟರಲ್ಲ, ಫಿಸಿಕ್ಸ್ ಓದಿದವಳು ಎಂದರೆ ಅವಳಿದ್ದ ಕೆ.ಆರ್. ಪುರದ ಕ್ವಾರ್ಟರ್ಸಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಪಕ್ಕದ ಮನೆಯ ಶೇಷಮ್ಮ ಮಂಡಿನೋವಿಗೆ ಮಾತ್ರೆ ಕೇಳಿ ಕೇಳಿ ಸಾಕಾಗಿ, "ಏನೋ ಓದಿದಾಳೆ, ಒಂದ್ ಮಾತ್ರೆನೂ ಬರಲ್ಲ" ಎಂದು ಕೈಬಿಟ್ಟಿದ್ದರು.

ಕಂಪ್ಯೂಟರ್ ಇನ್ನೂ ಆ ನೆಲಮಾಳಿಗೆಗೆ ಇಳಿದಿರಲಿಲ್ಲ. ಮೆತ್ತನೆಯ ಸೀಸದ ತಂತಿಯನ್ನು ರೋಗಿಯ ಮೈಗೆ ಒತ್ತಿ ಬಗ್ಗಿಸಿ, ಆ ಆಕಾರವನ್ನು ಗ್ರಾಫ್ ಹಾಳೆಗೆ ಇಳಿಸಿ, ಪೆನ್ಸಿಲ್ ಹಿಡಿದು ಲೆಕ್ಕ ಮಾಡಬೇಕಿತ್ತು. ಕೊನೆಗೆ ಚರ್ಮದ ಮೇಲೆ ನೇರಳೆ ಶಾಯಿಯಲ್ಲಿ ಚೌಕ ಎಳೆಯುವುದು. ಚಿಕಿತ್ಸೆ ಮುಗಿಯುವವರೆಗೂ ಆ ಚೌಕ ಅಳಿಸಬಾರದು. ಉಜ್ಜಿ ಸ್ನಾನ ಮಾಡಿ ಬಂದವರಿಗೆ ರಂಜನಾ ಮಾಡುತ್ತಿದ್ದ ಮಂಗಳಾರತಿ ಮೇಲಿನ ಮಹಡಿಯವರೆಗೂ ಕೇಳುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಶಿವಾಜಿನಗರದಿಂದ ಚಾಂದ್ ಬೀ ಬಂದರು. ಎದೆಯೊಳಗಿನ ಗಡ್ಡೆ ದೊಡ್ಡ ರಕ್ತನಾಳವನ್ನು ಅಮುಕಿ, ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ರಂಜಾನಿನಿಂದ ಈಚೆಗೆ ಅವರು ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದಿದ್ದರು.

"ಗುಣ ಆಗ್ತೀನೋ ಇಲ್ವೋ ಅಲ್ಲಾಗೆ ಗೊತ್ತು, ಬೇಟಿ. ಒಂದ್ಸಲ ಕಾಲು ಚಾಚ್ಕೊಂಡು ಮಲಗ್ಬೇಕು, ಅಷ್ಟೇ," ಎಂದರು.

ಡಾಕ್ಟರ್ ಸುದರ್ಶನ್ ರಂಜನಾಳನ್ನು ಪಕ್ಕಕ್ಕೆ ಕರೆದರು. "ಇವತ್ತೇ ಶುರು ಮಾಡ್ಬೇಕು. ಆದ್ರೆ ಟೇಬಲ್ ಮೇಲೆ ಮಲಗಿಸೋ ಹಾಗಿಲ್ಲ."

"ಹಾಗಾದ್ರೆ ಕೂರಿಸೇ ಪ್ಲ್ಯಾನ್ ಮಾಡೋಣ, ಸರ್."

ಬೆನ್ನಿನ ಬೆತ್ತ ಹರಿದುಹೋದ ಒಂದು ಹಳೆಯ ಕುರ್ಚಿ ಹಜಾರದಲ್ಲಿ ಬಿದ್ದಿತ್ತು. ಬೆನ್ನಿಗೆ ಏನೂ ಅಡ್ಡವಿಲ್ಲದ ಕುರ್ಚಿ, ಹಿಂದಿನಿಂದಲೂ ಕಿರಣ ಬಿಡಬಹುದು. ಹರಕು ಕುರ್ಚಿಗೂ ಒಂದು ಕಾಲ ಬಂತು. ಚಾಂದ್ ಬೀಯನ್ನು ಅದರಲ್ಲಿ ಕೂರಿಸಿ, ಸೊಂಟಕ್ಕೆ ಬಟ್ಟೆ ಕಟ್ಟಿ, ವಿಕಿರಣ ಬಿಡುವ ಕೋಬಾಲ್ಟ್ ಯಂತ್ರದ ತಲೆಯನ್ನು ಅಡ್ಡಕ್ಕೆ ತಿರುಗಿಸಿದರು. ರಂಜನಾ ಗಂಟಲ ಗುಳಿಯಿಂದ ಅಳೆದು ಚೌಕ ಎಳೆದಳು.

"ಇದು ಅಳಿಸಿದ್ರೆ ನನ್ ಹತ್ರ ಬರ್ಬೇಡಿ," ಎಂದು ಚಾಂದ್ ಬೀಯ ಸೊಸೆ ಜಹನಾರಾಗೆ ಕಡ್ಡಿ ಮುರಿದಂತೆ ಹೇಳಿದಳು. ಜಹನಾರಾ ಮದುವೆ ಹೆಣ್ಣುಗಳಿಗೆ ಮೆಹಂದಿ ಹಾಕುವವಳು. ಸರಿ ಎಂದು ತಲೆಯಾಡಿಸಿದಳು.

ಎರಡನೆಯ ವಾರ ಚಾಂದ್ ಬೀಯ ಸೆರಗು ಸರಿಸಿದ ರಂಜನಾ ದಂಗಾಗಿ ನಿಂತಳು. ನೇರಳೆ ಗೆರೆಯ ಸುಳಿವೇ ಇರಲಿಲ್ಲ. ಅದರ ಜಾಗದಲ್ಲಿ ಕಡುಗೆಂಪು ಮೆಹಂದಿಯ ಚೌಕ. ನಾಲ್ಕೂ ಮೂಲೆ ಅಚ್ಚುಕಟ್ಟು. ಸ್ಕೇಲ್ ಇಟ್ಟು ನೋಡಿದರೆ ಇರಬೇಕಾದ ಜಾಗಕ್ಕಿಂತ ಎರಡು ಬೆರಳು ಕೆಳಗೆ.

"ಯಾರ್ರೀ ಇದನ್ನ ಬರೆದಿದ್ದು?"

"ನಾನೇ, ಮೇಡಂ." ಎಂದಳು ಜಹನಾರಾ. "ಸೆಕೆಗೆ ಬೆವರಿ ಪೂರ್ತಿ ಹೋಗ್ಬಿಡ್ತು. ನೀವು ಬಯ್ತೀರ ಅಂತ... ಮೆಹಂದಿ ಆದ್ರೆ ಹೋಗಲ್ವಲ್ಲ."

"ಬಯ್ಯದೆ ಇನ್ನೇನ್ ಮುದ್ದು ಮಾಡ್ಲಾ? ಇದನ್ನ ನಂಬ್ಕೊಂಡು ಕಿರಣ ಬಿಟ್ಟಿದ್ರೆ? ಏನ್ ಕಣ್ಣಂದಾಜಲ್ಲಿ ಎಳೆದ್ರಾ?"

"ಇಲ್ಲ ಮೇಡಂ. ನೀವು ಅಳೆದಿದ್ದು ನೋಡಿದ್ದೆ. ಗಂಟಲಿಂದ ಅಷ್ಟೇ ಅಳೆದು ಬರೆದೆ. ಕೈ ತಪ್ಪಿಲ್ಲ."

"ಕೈ ತಪ್ಪದೆ ಗೆರೆ ತಾನಾಗೇ ಕೆಳಗೆ ಬಂತಾ? ಇವರು ಸುಮ್ನೆ ಕೂತಿದ್ರು ತಾನೇ?"

ಜಹನಾರಾ ಅತ್ತೆಯ ಮುಖ ನೋಡಿದಳು. ಅತ್ತೆ ನೆಲ ನೋಡಿದರು.

"ಕೂತಿರ್ಲಿಲ್ಲ, ಮೇಡಂ. ಮಲಗಿದ್ರು. ಅಮ್ಮಿ ನಿದ್ದೆ ಮಾಡ್ತಿದ್ರು."

ಮಲಗಿದಾಗ ಎದೆಯ ಚರ್ಮ ಮೇಲಕ್ಕೆ ಸರಿಯುತ್ತದೆ, ಕೂತರೆ ಇಳಿಯುತ್ತದೆ. ಗೆರೆಯೂ ಅದರ ಜೊತೆಗೇ ಇಳಿದಿತ್ತು. ಸ್ಕೇಲ್ ಹಿಡಿದ ರಂಜನಾಳ ಕೈ ಅಲ್ಲೇ ನಿಂತಿತು.

"ಮಲಗೋಕೆ ಆಗುತ್ತಾ? ಯಾಕ್ರೀ ನನಗೆ ಹೇಳ್ಲಿಲ್ಲ?"

ಚಾಂದ್ ಬೀ ಮೆಲ್ಲಗೆ ಹೇಳಿದರು. "ಕೂತ್ಕೊಂಡೇ ಇರ್ಬೇಕು, ಅಲ್ಲಾಡ್ಬಾರದು ಅಂದಿದ್ರಲ್ಲ, ಬೇಟಿ. ಮಲಗ್ಬಿಟ್ಟೆ ಅಂದ್ರೆ ನೀವು ಬಯ್ತೀರ ಅಂತ ಭಯ ಆಯ್ತು."

ಯಂತ್ರದ ಮುಂದೆ ಅಲ್ಲಾಡಬೇಡಿ ಎಂದದ್ದನ್ನು ಅವರು ಮನೆಗೂ ಹೊತ್ತುಕೊಂಡು ಹೋಗಿದ್ದರು. ಜೀವ ಬಯಸಿದ್ದು ಸಿಕ್ಕಮೇಲೂ ಈ ಮುದುಕಿ ಅದನ್ನು ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡಿದ್ದು ತನ್ನ ಬಾಯಿಗೆ ಹೆದರಿ ಎಂದು ರಂಜನಾಗೆ ತಿಳಿಯಿತು. ನಾಚಿಕೆಯಾಯಿತು. ಸಂತೋಷ ಅದಕ್ಕಿಂತ ಹೆಚ್ಚಾಗಿಯೇ ಆಯಿತು. ಹಳೆಯ ಗ್ರಾಫ್ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, "ಬನ್ನಿ, ಟೇಬಲ್ ಮೇಲೆ ಮಲಗಿ. ಮೊದಲಿಂದ ಅಳೆಯೋಣ," ಎಂದಳು. ಚಾಂದ್ ಬೀ ಕಾಲು ಚಾಚಿ ಮಲಗಿದರು. ಸೀಸದ ತಂತಿ ಬಗ್ಗಿಸುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಅವರು ಏಳುವವರೆಗೆ ಯಾರೂ ಮಾತಾಡಕೂಡದು ಎಂದು ರಂಜನಾ ಸನ್ನೆ ಮಾಡಿದಳು.

ಗಡ್ಡೆ ಕುಗ್ಗಿತೇ ಹೊರತು ಹೋಗಲಿಲ್ಲ. ಹೋಗುವುದಿಲ್ಲ ಎಂದು ಡಾಕ್ಟರ್ ಸುದರ್ಶನ್ ಮೊದಲೇ ಹೇಳಿದ್ದರು. ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ ಜಹನಾರಾ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು.

"ಮಲಗಿದ್ದಾಗಲೇ ಹೋದ್ರು, ಮೇಡಂ. ಹೇಳಿ ಹೋಗೋಣ ಅಂತ ಬಂದೆ."

ಮುಂದೆ ಆ ನೆಲಮಾಳಿಗೆಗೂ ಕಂಪ್ಯೂಟರ್ ಬಂತು, ಸೀಸದ ತಂತಿ ಡ್ರಾಯರ್ ಸೇರಿತು. ಗೆರೆ ಅಳಿಸಿಕೊಂಡು ಬಂದವರಿಗೆ ಮಂಗಳಾರತಿ ಮಾತ್ರ ತಪ್ಪಲಿಲ್ಲ. ಆದರೆ ಬೈಯುವ ಮೊದಲು, ಯಾರೇ ಬಂದರೂ, ರಂಜನಾ ಒಂದು ಮಾತು ಕೇಳುತ್ತಿದ್ದಳು: "ರಾತ್ರಿ ಮಲಗಿದ್ರಾ?"