ನಾನೇ ಇಲ್ಲವೆಂದ ದಾರಿ

ನಮ್ಮ ಊರಿಗೆ ಡಾಂಬರು ರಸ್ತೆ ಬೇಕು ಎಂದು ನನ್ನ ಮಾವನವರು ಅರ್ಜಿ ಕೊಟ್ಟರು, ನಮ್ಮ ಮನೆಯವರು ಕೊಟ್ಟರು, ನನ್ನ ಮಗ ಕೊಟ್ಟ. ಮೂರು ತಲೆಮಾರು ಅರ್ಜಿ ಕೊಟ್ಟ ಮೇಲೆ ರಸ್ತೆ ಬಂತು. ಅದು ಬಂದು ಎರಡು ಮಳೆಗಾಲ ಕಳೆದಿರಲಿಲ್ಲ, ಹುಬ್ಬಳ್ಳಿ ಕಡೆಯ ಜನ ಹೈವೇ ಹಿಡಿದು, ಶಿಗ್ಗಾಂವ ದಾಟಿ, ನಮ್ಮ ಹೊಸ ರಸ್ತೆಯ ಮೇಲೆ ದೊಡ್ಡ ದೊಡ್ಡ ಗಾಲಿಯ ಜೀಪುಗಳಲ್ಲಿ ಬಂದು, ರಸ್ತೆ ಇಲ್ಲದ ಜಾಗ ಎಲ್ಲಿದೆ ಎಂದು ಕೇಳತೊಡಗಿದರು.

ಜಾಗವೇನೋ ಇತ್ತು. ಊರ ಹಿಂದೆ ಸರ್ಕಾರದ ಗುಡ್ಡ. ಕುರುಚಲು ಗಿಡ, ಕಲ್ಲು, ಮಳೆ ಬಿದ್ದ ಮೇಲೆ ಹುಲ್ಲು. ಆದಿತ್ವಾರ ಬಂತೆಂದರೆ ಜೀಪುಗಳು ನೆಟ್ಟಗೆ ಗುಡ್ಡ ಏರುತ್ತಿದ್ದವು. ಸುತ್ತು ದಾರಿ ಅವರಿಗೆ ಬೇಡ. ಕೆಸರಿನಲ್ಲಿ ಸಿಕ್ಕಿಬಿದ್ದರೆ ಕೇಕೆ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಚಕ್ಕಡಿ ಕೆಸರಿನಲ್ಲಿ ಸಿಕ್ಕಿಬಿದ್ದಾಗ ಯಾರೂ ಕೇಕೆ ಹಾಕಿದ್ದು ನನಗೆ ನೆನಪಿಲ್ಲ. ಅವರ ಹಿಂದೆಯೇ ಸೈಕಲ್ಲಿನವರು ಬಂದರು. ತಲೆಗೆ ಹೆಲ್ಮೆಟ್ಟು, ಮೊಣಕಾಲಿಗೆ ಚಿಪ್ಪು, ಬೆನ್ನ ಮೇಲೆ ನೀರಿನ ಚೀಲ. ಹುಬ್ಬಳ್ಳಿಯವರೇ ಎಂದಲ್ಲ, ಹಾನಗಲ್ಲಿನಿಂದ, ಹಿರೇಕೆರೂರಿನಿಂದಲೂ ಬರುತ್ತಿದ್ದರು. ಇವರು ಜೀಪಿನವರಷ್ಟು ಹಾಳು ಮಾಡುತ್ತಿರಲಿಲ್ಲ. ಆದರೆ ಮೇಲಿನಿಂದ ಇಳಿಯುವಾಗ ಸದ್ದಿಲ್ಲದೆ ಬರುತ್ತಿದ್ದರು. ತಲೆಯ ಮೇಲೆ ಹೊರೆ ಇದ್ದವಳಿಗೆ ಹಿಂದೆ ತಿರುಗಿ ನೋಡಲು ಆಗುವುದಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಒಬ್ಬನಿಗೆ ಬೈದು ತಿಳಿಸಿದೆ.

ಗುಡ್ಡದಲ್ಲಿ ಗಾಲಿ ಹೋದಲ್ಲೆಲ್ಲ ಕಾಲುವೆಯಾಗಿ, ಗರಸು ಮಣ್ಣು ಕೊಚ್ಚಿಕೊಂಡು ಬಂದು ಕೆರೆಗೆ ಬಿತ್ತು. ಊರಿನವರು ತಕರಾರು ಮಾಡಿದರು. ಆಗ ಗುಡ್ಡ ಕಾಯುವ ಕಚೇರಿಯ ಹೊಸ ಸಾಹೇಬರು ಬಂದು ಪಂಚಾಯಿತಿ ಕಟ್ಟೆಯ ಮೇಲೆ ಸಭೆ ಕರೆದರು. ಮೈಸೂರು ಕಡೆಯ ಹುಡುಗ. ನಮ್ಮನ್ನೆಲ್ಲ ನೆಲದ ಮೇಲೆ ಕೂರಬೇಡಿ ಎಂದು ಕುರ್ಚಿ ತರಿಸಿದ. ಒಳ್ಳೆಯವನೇ.

"ಗುಡ್ಡದಲ್ಲಿ ಎಷ್ಟು ದಾರಿ ಇದೆಯೋ ಅಷ್ಟೂ ತೋರಿಸಿ. ನಕ್ಷೆ ಮಾಡ್ತೀವಿ. ಜೀಪಿಗೆ ಯಾವುದು, ಸೈಕಲ್ಲಿಗೆ ಯಾವುದು ಅಂತ ಬರೆದು ಹಾಕ್ತೀವಿ. ನಕ್ಷೆಯಲ್ಲಿ ಇಲ್ಲದ್ದನ್ನ ಮುಚ್ಚಿಬಿಡ್ತೀವಿ" ಎಂದರು.

ನಾವು ಹೆಂಗಸರು ಮೊದಲ ಮಾತು ಕೇಳಿದೆವು. ಕೊನೆಯ ಮಾತು ಬರುವಷ್ಟರಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಕಾರಣ ಇತ್ತು. ಹಿಂದೊಮ್ಮೆ ಇಂಥದ್ದೇ ಒಬ್ಬ ಸಾಹೇಬ ಬಂದು ಹುಲ್ಲು ಎಲ್ಲಿ ಚೆನ್ನಾಗಿ ಬರುತ್ತದೆ ಎಂದು ಕೇಳಿದ್ದ. ನಾವು ದೊಡ್ಡ ಜಾಣರ ಹಾಗೆ ತೋರಿಸಿದೆವು. ಮುಂದಿನ ವರ್ಷ ಅಲ್ಲೆಲ್ಲ ನೀಲಗಿರಿ ನೆಟ್ಟರು. ಅವತ್ತಿನಿಂದ ನಮ್ಮ ಓಣಿಯಲ್ಲಿ ಒಂದು ರೂಢಿ. ಅಳೆಯುವವರು, ಬರೆಯುವವರು ಬಂದರೆ ಒಳ್ಳೆಯದನ್ನು ತೋರಿಸಬಾರದು.

ಪಕ್ಕದಲ್ಲಿ ಕೂತವಳು ನನ್ನ ಕಿವಿಯಲ್ಲಿ ಅಂದಳು. "ಯಕ್ಕಾ, ಬಂಡೆ ಹಿಂದಿನ ದಾರಿ ಹೇಳಬ್ಯಾಡ."

"ನನಗೇನ್ ಹುಚ್ಚ ಹಿಡದೈತೇನ?" ಎಂದೆ.

ಬಂಡೆ ಹಿಂದಿನ ದಾರಿ ನಮ್ಮ ಹುಲ್ಲಿನ ದಾರಿ. ಜೀಪು ಏರದ ಕಡೆ, ಹುಲ್ಲು ಇನ್ನೂ ಉಳಿದಿರುವ ಒಂದೇ ಇಳಿಜಾರಿಗೆ ಹೋಗುತ್ತದೆ. ಕಚೇರಿಯ ಗಾರ್ಡನನ್ನು ಕರೆದುಕೊಂಡು ಹೋಗಿ ದಾರಿ ತೋರಿಸುವ ಕೆಲಸ ನನ್ನ ಮೇಲೆಯೇ ಬಂತು, ಗುಡ್ಡ ನನಗೆ ಹೆಚ್ಚು ಗೊತ್ತು ಎಂದು. ಆ ಗಾರ್ಡ ಪಕ್ಕದ ಊರಿನವನು. ನನಗೆ ದೊಡ್ಡವ್ವ ಎನ್ನುತ್ತಾನೆ. ಅರ್ಧ ದಿನ ತಿರುಗಾಡಿಸಿದೆ. ಜೀಪು ಹರಿದ ದಾರಿ, ಹಳೆಯ ಕಲ್ಲಿನ ಕ್ವಾರಿಯ ದಾರಿ, ಯಾರಿಗೂ ಬೇಡವಾದ ಚಕ್ಕಡಿ ದಾರಿ, ಎಲ್ಲ ತೋರಿಸಿದೆ. ಅವನು ಫೋನಿನಲ್ಲಿ ಒತ್ತಿಕೊಳ್ಳುತ್ತ ಬಂದ. ಬಂಡೆಯ ಹತ್ತಿರ ನಿಂತ.

"ದೊಡ್ಡವ್ವ, ಇದರ ಹಿಂದ ಏನಾರ ದಾರಿ ಐತೇನ?"

"ಎಲ್ಲೀ ದಾರಿ? ಹಾವು ಅದಾವು. ಅದಿರ್ಲಿ, ನಿನ್ನ ತಂಗಿಗೆ ವರ ಗೊತ್ತಾತೇನ?"

ಅಷ್ಟೇ ಸಾಕಾಯಿತು. ಗುಡ್ಡದ ಬುಡ ಮುಟ್ಟುವವರೆಗೆ ಅವನು ತಂಗಿಯ ವರಗಳ ವಿಷಯವನ್ನೇ ಹೇಳಿದ. ಸವಣೂರಿನ ವರ ಎತ್ತರ ಸಾಲದು, ತಿಳವಳ್ಳಿಯ ವರನ ತಾಯಿಯ ಬಾಯಿ ಜೋರು. ನಾನು ಓಣಿಗೆ ಬಂದಾಗ ಹೆಂಗಸರು ನನಗೆ ಚಹಾ ಮಾಡಿ ಕೊಟ್ಟರು. ಅಷ್ಟು ಮರ್ಯಾದೆ ನನಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಒಂದು ತಿಂಗಳಿಗೆ ಗುಡ್ಡದ ಬುಡದಲ್ಲಿ ಬೋರ್ಡು ನಿಂತಿತು. ಕೆಂಪು ಗೆರೆ ಜೀಪಿಗೆ, ನೀಲಿ ಗೆರೆ ಸೈಕಲ್ಲಿಗೆ. ಕೆಳಗೆ ಬರಹ. ನಾನು ಮೂರನೇ ಇಯತ್ತೆವರೆಗೆ ಓದಿದವಳು, ಕೂಡಿಸಿ ಕೂಡಿಸಿ ಓದಿದೆ. "ಈ ನಕ್ಷೆಯಲ್ಲಿ ತೋರಿಸದ ಎಲ್ಲ ದಾರಿಗಳನ್ನು ಮುಚ್ಚಲಾಗಿದೆ." ಒಳ್ಳೆಯದಾಯಿತು, ಜೀಪಿನವರ ಕಾಟ ತಪ್ಪಿತು ಎಂದುಕೊಂಡು ಕುಡಗೋಲು ಹಿಡಿದು ಬಂಡೆಯ ಕಡೆ ಹೋದರೆ, ಅಲ್ಲಿ ಜೆಸಿಬಿ ನೆಲ ಅಗೆಯುತ್ತಿತ್ತು. ಗಾರ್ಡ ಪಕ್ಕದಲ್ಲಿ ನಿಂತಿದ್ದ.

"ಏ ತಮ್ಮಾ, ಇದೇನ್ ಹಚ್ಚೀಯೋ?"

"ದಾರಿ ಮುಚ್ಚಾಕತ್ತೇನಿ ದೊಡ್ಡವ್ವ."

"ಯಾವ ದಾರಿ?"

"ಇದ."

"ಇದು ನಮ್ಮ ಹುಲ್ಲಿನ ದಾರಿ!"

"ಇಲ್ಲಿ ದಾರಿನ ಇಲ್ಲ ಅಂತ ನೀವ ಹೇಳಿದ್ರಿ. ಹಾವು ಅದಾವು ಅಂದ್ರಿ."

"ಇಲ್ಲದ ದಾರಿನ ಮತ್ತ ಯಾಕ ಮುಚ್ಚಾಕತ್ತಿ?"

"ನಕ್ಷೇದಾಗ ಇಲ್ಲಲ್ಲ, ಅದಕ್ಕ."

ಜೆಸಿಬಿಯವನು ಯಂತ್ರ ನಿಲ್ಲಿಸಿ ನಕ್ಕ. ಮತ್ತೆ ಶುರು ಮಾಡಿದ. ಎದೆಮಟ್ಟದ ತಗ್ಗು ಬಿತ್ತು, ಆಚೆ ದಂಡೆಗೆ ಮುಳ್ಳಿನ ರಾಶಿ.

ಚಹಾ ಕೊಟ್ಟ ಹೆಂಗಸರೇ ನನಗೆ ಬೈದರು. ಅದಕ್ಕೆ ಅವರಿಗೆ ಹಕ್ಕಿತ್ತು. ಮನೆಯಲ್ಲಿ ಸೊಸೆ ಬೈಯಲಿಲ್ಲ. ಹತ್ತನೇ ಇಯತ್ತೆ ಓದಿದವಳು ಬೈಯುವ ರೀತಿಯೇ ಬೇರೆ.

"ಅತ್ತಿ, ಸಭಾದಾಗ ಸಾಹೇಬ್ರು ಕಡೀಗೆ ಏನ್ ಹೇಳಿದ್ರು ಅಂತ ನನಗರ ಕೇಳಬೇಕಿತ್ತಿಲ್ರಿ" ಎಂದು ಮೆತ್ತಗೆ ಅಂದಳು.

ನಮಗೆ ಎರಡು ಎಮ್ಮೆ. ಒಂದು ಮುದಿ, ಯಾರಿಗೂ ಬೇಡ. ಇನ್ನೊಂದು ಆ ಮಳೆಗಾಲದಲ್ಲೇ ಈದಿತ್ತು, ಎರಡು ಹೊತ್ತೂ ತಂಬಿಗೆ ತುಂಬ ಹಾಲು. ಹೊಲದ ತುಂಬ ಮೆಕ್ಕೆಜೋಳ ಹಾಕುತ್ತೇವೆ. ಅದರ ಒಣ ದಂಟನ್ನು ಆ ಎಮ್ಮೆ ಮೂಸಿ ಬಿಡುತ್ತದೆ, ಗುಡ್ಡದ ಹಸಿ ಹುಲ್ಲೇ ಬೇಕು. ಮಗ ಒಂದೇ ಮಾತಿನಲ್ಲಿ ಮುಗಿಸಿದ. "ಹುಲ್ಲ ಇಲ್ಲಂದ್ರ ಎಮ್ಮಿ ಯಾಕ? ಮುಂದಿನ ಶುಕ್ರವಾರ ದಲಾಲಿ ಬರ್ತಾನ." ಸಾಕಿದ ಪ್ರೀತಿಯಿಂದ ನನಗೆ ಕಣ್ಣೀರು ಬಂತು ಎಂದು ಯಾರಾದರೂ ತಿಳಿದರೆ ತಪ್ಪು. ಆ ಎಮ್ಮೆ ಒದೆಯುತ್ತದೆ. ಆದರೆ ಆ ಮನೆಯಲ್ಲಿ ಹೊಲ ಮಗನದು, ಒಲೆ ಸೊಸೆಯದು, ಎಮ್ಮೆಯ ಹಾಲೊಂದು ನನ್ನದು. ಎಮ್ಮೆ ಹೋದರೆ ನಾನು ಕಟ್ಟೆಯ ಮೇಲೆ ಕೂತು ಬಂದವರಿಗೆ ಬರ್ರಿ, ಹೋದವರಿಗೆ ಹೋಗಿ ಬರ್ರಿ ಎನ್ನುವ ಮುದುಕಿ. ಅದು ನನಗೆ ಬೇಡವಾಗಿತ್ತು.

ಬಸ್ಸು ಹತ್ತಿ ಸಾಹೇಬರ ಕಚೇರಿಗೆ ಹೋದೆ. ಅವರು ಕುರ್ಚಿ ಕೊಟ್ಟರು, ಕಾಗದ ತೆಗೆದು ನೋಡಿದರು.

"ಈ ಯೋಜನೆ ಗಾಡಿಗಳದ್ದು ಅಮ್ಮಾ. ಜೀಪು, ಮೋಟರ್‌ಸೈಕಲ್ಲು, ಸೈಕಲ್ಲು, ಇಷ್ಟೇ ಇದರಲ್ಲಿರೋದು."

"ನಡ್ಯಾವ್ರು ಎಲ್ಲದಾರ್ರಿ?"

"ನಡೆಯೋರಿಂದ ಗುಡ್ಡಕ್ಕೆ ಏನೂ ತೊಂದರೆ ಇಲ್ಲವಲ್ಲ. ಅದಕ್ಕೇ ಅವರ ಹೆಸರು ಬಂದಿಲ್ಲ."

ಗುಡ್ಡ ಹಾಳು ಮಾಡಿದವರಿಗೆ ಒಂದೊಂದು ಬಣ್ಣದ ಗೆರೆ. ಹಾಳು ಮಾಡದವರಿಗೆ ತಗ್ಗು. ಸಾಹೇಬರಿಗೂ ತಾವು ಹೇಳಿದ್ದು ಹೇಗೆ ಕೇಳಿಸಿತೋ ಏನೋ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ, ಗುರುವಾರ ಇನ್ನೊಮ್ಮೆ ಗುಡ್ಡಕ್ಕೆ ಬರುವುದಿದೆ, ಬಿಟ್ಟುಹೋದ ದಾರಿಯಲ್ಲಿ ಗಾಲಿ ಓಡಾಡಿದ ಗುರುತಿದ್ದರೆ ಸೇರಿಸಬಹುದು, ಎಂದರು.

ಗುರುವಾರಕ್ಕೆ ಐದು ದಿನ ಇತ್ತು. ಅದರ ಮರುದಿನ ದಲಾಲಿ.

ನಮ್ಮ ಮನೆಯವರ ಸೈಕಲ್ಲು ಅವರು ತೀರಿಕೊಂಡ ಮೇಲೆ ದನದ ಮನೆಯ ಗೋಡೆಗೆ ಒರಗಿ ನಿಂತಿತ್ತು, ಮೇಲೆ ಗೋಣಿಚೀಲ. ಎಳೆದು ತೆಗೆದು ಬಸ್‌ಸ್ಟ್ಯಾಂಡಿನ ಸೈಕಲ್ ಅಂಗಡಿಗೆ ಒಯ್ದೆ. ಅಂಗಡಿಯ ಮಾಲೀಕರು ಮೂಲತಃ ಸವಣೂರಿನವರು, ನಮ್ಮ ಮನೆಯವರ ವಾರಿಗೆಯವರು. ಗಾಲಿ ತಿರುಗಿಸಿ ನೋಡಿದರು.

"ಅರೆ ಅಕ್ಕಾ, ಇದನ್ನ ಯಾರ ಹೊಡಿಯಾವ್ರು?"

"ನಾನ."

"ಬರ್ತೈತೇನ?"

"ನೂಕಾಕ ಬರ್ತೈತ್ರಿ."

"ಹಂಗಾರ ಬ್ರೇಕ್ ಯಾಕ ಬೇಕ? ಟ್ಯೂಬ್ ಅಷ್ಟ ಹಾಕ್ತೇನಿ."

"ಬ್ರೇಕೂ ಹಾಕ್ರಿ. ಇಳುಕಲಿನ್ಯಾಗ ಅದು ನನ್ನ ನೂಕಬಾರದಲ್ಲ."

ಬೈದ ಹೆಂಗಸರೇ ಬಂದು ತಗ್ಗಿನ ಒಂದು ಮೂಲೆಗೆ ಕಲ್ಲು ತುಂಬಿದರು, ಮುಳ್ಳು ಸರಿಸಿದರು, ಸೈಕಲ್ಲನ್ನು ಎತ್ತಿ ದಾಟಿಸಿದರು. ಆಮೇಲೆ ಸರದಿ. ಒಬ್ಬಳು ಏರಿಸಿದರೆ ಇನ್ನೊಬ್ಬಳು ಇಳಿಸುವುದು. ಮೊದಲ ದಿನ ನೆಲದ ಮೇಲೆ ಗಾಲಿಯ ಗುರುತು ಮೂಡಿದ್ದಕ್ಕಿಂತ ನಮ್ಮ ಕಾಲಿನ ಮೇಲೆ ಪೆಡಲ್ಲಿನ ಗುರುತು ಮೂಡಿದ್ದೇ ಹೆಚ್ಚು. ಎರಡನೇ ದಿನ ಸಣ್ಣ ಮಳೆ ಬಂದು ನೆಲ ಹಸಿಯಾಯಿತು, ಗುರುತು ಚೆನ್ನಾಗಿ ಕೂತಿತು. ಬುಧವಾರ ಸಂಜೆಯ ಹೊತ್ತಿಗೆ ಊರಿನ ಅರ್ಧ ಜನ ಸೈಕಲ್ ಹೊಡೆದ ಹಾಗೆ ಕಾಣುತ್ತಿತ್ತು.

ಗುರುವಾರ ಸಾಹೇಬರು ಬಂದರು. ಗಾರ್ಡ ಬಗ್ಗಿ ನೋಡಿ, ನನ್ನ ಕಡೆ ನೋಡದೆ ಹೇಳಿದ.

"ಸರ್, ಸೈಕಲ್ ಓಡ್ಯಾಡೈತ್ರಿ. ಆದ್ರ ಅದರ ಬಾಜೂಕ ಬರಿಗಾಲಿನ ಹೆಜ್ಜೀನೂ ಅಷ್ಟ ಅದಾವ ನೋಡ್ರಿ."

"ಹತ್ತಿ ಹೊಡೆಯೋದಿಲ್ವಾ ಅಮ್ಮಾ?" ಎಂದು ಸಾಹೇಬರು ನನ್ನನ್ನು ಕೇಳಿದರು.

"ಏರ ಐತ್ರಿ ಸಾಹೇಬ್ರ. ಆದಿತ್ವಾರ ಬರೋ ಹೆಲ್ಮೆಟ್ಟಿನವ್ರೂ ಏರಿನ್ಯಾಗ ಇಳದ ನೂಕತಾರ. ನಾವೇನ್ ಅವ್ರಿಗಿಂತ ಹೆಚ್ಚಿನವ್ರೇನ?"

ಸಾಹೇಬರು ಗಾರ್ಡನ ಕಡೆ ತಿರುಗಿದರು. ಅವನಿಗೆ ತಂಗಿಯ ವರನ ವಿಷಯದಲ್ಲಿ ನನ್ನ ತವರಿನ ಕಡೆ ಒಂದು ಮಾತು ಆಡಿಸುವುದಿತ್ತು. ಅದಕ್ಕೋ, ನಿಜವೇ ಅಲ್ಲವೇ ಎಂದೋ, "ಹೌದ್ರಿ ಸರ್, ನೂಕತಾರ" ಎಂದ. ಸಾಹೇಬರಿಗೆ ಏನೂ ತಿಳಿಯಲಿಲ್ಲ ಎಂದು ನಾನು ಹೇಳುವುದಿಲ್ಲ. ಓದಿದವರು ಕೆಲವು ಸಲ ತಿಳಿಯದ ಹಾಗೆ ಇರಲು ಕಲಿತಿರುತ್ತಾರೆ. ಫೋನಿನಲ್ಲಿ ಫೋಟೋ ತೆಗೆದು, ಸೈಕಲ್ ದಾರಿ ಎಂದು ಬರೆದುಕೊಂಡರು.

ಶುಕ್ರವಾರ ದಲಾಲಿ ಬಂದಾಗ ಎಮ್ಮೆ ಹಸಿ ಹುಲ್ಲು ತಿನ್ನುತ್ತಿತ್ತು. ಮಗ ನನ್ನ ಮುಖ ನೋಡಿದ. ನಾನು ಹುಲ್ಲಿನ ಕಡೆ ಕೈ ತೋರಿಸಿದೆ. ದಲಾಲಿ ಚಹಾ ಕುಡಿದ, ಮುದಿ ಎಮ್ಮೆಯ ಹಲ್ಲು ನೋಡಿ ಬೇಡ ಎಂದ, ಹೋದ.

ಎಲ್ಲ ಸುಖವಾಯಿತು ಎಂದು ತಿಳಿಯಬೇಡಿ. ಬೋರ್ಡಿನ ಮೇಲೆ ಹೊಸ ನೀಲಿ ಗೆರೆ ಬಿದ್ದ ಮೇಲೆ, ನಾವು ಯಾರಿಗೂ ತೋರಿಸದೆ ಬಚ್ಚಿಟ್ಟ ದಾರಿಯೇ ಗುಡ್ಡದಲ್ಲೆಲ್ಲ ಚೆಂದದ ದಾರಿ ಎಂದು ಸೈಕಲ್ಲಿನವರು ಸಾಲು ಹಚ್ಚಿದರು. ಅದು ಸೈಕಲ್ ದಾರಿ, ಸೈಕಲ್ ಇಲ್ಲದವರು ಅಲ್ಲಿ ಹೋಗುವಂತಿಲ್ಲ ಎನ್ನುವುದೂ ಬಂತು. "ಒಂದ ಸೈಕಲ್ಲರ ಕೈಯಾಗ ಇರ್ಲಿ ದೊಡ್ಡವ್ವ, ನಾನೂ ನೌಕರಿ ಮಾಡಬೇಕಲ್ಲ" ಎಂದ ಗಾರ್ಡ. ಹೀಗಾಗಿ ಏಳು ಮಂದಿ ಹೆಂಗಸರು ಒಂದು ಸೈಕಲ್ ಮುಂದೆ ಮಾಡಿಕೊಂಡು ಗುಡ್ಡ ಹತ್ತುತ್ತೇವೆ. ಕ್ಯಾರಿಯರ್ ಮೇಲೆ ಹೊರೆ ಅಡ್ಡ ಕಟ್ಟಿದರೆ ತಲೆಯ ಮೇಲೆ ಹೊರುವುದರ ಎರಡರಷ್ಟು ಹಿಡಿಸುತ್ತದೆ. ಇದು ಮೊದಲೇ ಹೊಳೆದಿದ್ದರೆ ನನ್ನ ಕುತ್ತಿಗೆ ಇನ್ನಷ್ಟು ನೆಟ್ಟಗಿರುತ್ತಿತ್ತು.

ಹೋದ ಆದಿತ್ವಾರ ಹೊರೆ ಕಟ್ಟಿಕೊಂಡು ಇಳಿಯುತ್ತಿದ್ದೆ. ಹಿಂದಿನಿಂದ ಹಾನಗಲ್ಲಿನ ಒಬ್ಬ ಮಾಸ್ತರ ಗಂಟೆ ಹೊಡೆಯುತ್ತ ಬಂದ. ಹುಲ್ಲು ದಾರಿಯ ಎರಡೂ ಬದಿಗೆ ಉಜ್ಜುತ್ತಿತ್ತು, ಮೊಲ ದಾಟಲೂ ಸಂದಿಯಿಲ್ಲ.

"ಯಮ್ಮಾ, ಸ್ವಲ್ಪ ಸರೀರಿ."

"ಎಲ್ಲಿ ಸರೀಲೋ ಯಪ್ಪಾ? ನಂದೂ ಸೈಕಲ್ಲ ಐತಿ. ಹಿಂದ ಬಾ."

ಅವನು ಇಳಿದ. ಹೊರೆ ವಾಲಿದಲ್ಲಿ ಒಂದು ಕೈ ಹಚ್ಚಿದ, ಅದನ್ನೂ ಹೇಳಬೇಕು.

"ಯಾವಾಗಿಂದ ಹತ್ತೇತ್ರಿ ಈ ಸೈಕಲ್ ಚಟಾ?"

"ಎಮ್ಮಿ ಮಾರತೇವಿ ಅಂದಾಗಿಂದ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಬುಡ ಮುಟ್ಟುವವರೆಗೂ ತನ್ನ ಹೊಳೆಯುವ ಸೈಕಲ್ಲನ್ನು ನೂಕಿಕೊಂಡು ನನ್ನ ಹಿಂದೆಯೇ ಬಂದ. ಎಮ್ಮೆ ಹಿಂಡುವ ಹೊತ್ತು ಮೀರುತ್ತಿತ್ತು, ನಾನು ತಿರುಗಿ ನೋಡಲಿಲ್ಲ.